83ನೇ ದಿನ ಉಂಡೆ ಊಟ ಮಾಡಿದಳು

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ನಮ್ಮ ಸಾಕು ಹಾವು, ಬಾಲ್ ಪೈಥಾನ್ ಜಾತಿಯ ಉಂಡೆ, ಊಟ ಮಾಡಿದಳು! ಅಮೆರಿಕದ ಕೊಲಂಬಸ್‌ನಲ್ಲಿರೋ ನಮ್ಮ ಮನೆಗೆ ಬಂದು 83 ದಿನ ಆಗಿತ್ತು, ಇದೇ ಮೊದಲ ತುತ್ತು. ಮಲಗಿದ್ದ ಮಗಳನ್ನು ಎಬ್ಬಿಸಿ ಕರೆತಂದೆ. ಇಬ್ಬರೂ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತು ನೋಡಿದೆವು. ಇಲಿಯ ಬಾಲದ ತುದಿ ಒಳಗೆ ಹೋದಾಗ ಮಗಳು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದ್ರೆ, ಇನ್ನೂ ಉಗುರಿನ ಗುರುತಿದೆ.

ಪೆಟ್ಟಿಗೆ ಜೋಡಿಸೋದು, ಕ್ವಾರಂಟೈನ್, ಇವೆಲ್ಲ ಹಾವು ಸಾಕೋ ನಿಮಗೆ ಗೊತ್ತಿರೋದೇ. ಅದನ್ನು ಬಿಡ್ತೇನೆ. ಆದರೆ ಇವಳನ್ನೇ ಯಾಕೆ ಆರಿಸಿದೆ ಅನ್ನೋದನ್ನು ಹೇಳಲೇಬೇಕು, ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಪಟ್ಟಿಯಲ್ಲಿ ಹೆಬ್ಬಾವಿನ ಮೂರು ಜಾತಿಗಳ ಹೆಸರಿದ್ದವು: ಬಾಲ್ ಪೈಥಾನ್, ಕಾರ್ಪೆಟ್ ಪೈಥಾನ್, ಸ್ಪಾಟೆಡ್ ಪೈಥಾನ್. ಮಗಳಿಗೆ ಬರ್ಮೀಸ್ ಪೈಥಾನ್ ಬೇಕಿತ್ತು. ಅಷ್ಟು ದೊಡ್ಡದಾಗೋ ಹಾವನ್ನು ನಮ್ಮಂಥ ಮನೆಯಲ್ಲಿ ಸಾಕಬಾರದು, ಅದು ಅದಕ್ಕೆ ಮಾಡೋ ಅನ್ಯಾಯ. ಮೇಲಾಗಿ ಫ್ಲೋರಿಡಾದ ಜೌಗು ಪ್ರದೇಶ ಎವರ್‌ಗ್ಲೇಡ್ಸ್‌ನಲ್ಲಿ ಅದು ಅಲ್ಲಿನ ಪ್ರಾಣಿಗಳಿಗೆ ಮಾಡಿರೋ ಹಾನಿ ಗೊತ್ತಲ್ಲ, 2012ರಲ್ಲೇ ಅಮೆರಿಕದ ಲೇಸಿ ಕಾಯ್ದೆಯಲ್ಲಿ ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿತು. ಇನ್ನು ನಮ್ಮೂರ ಹೆಬ್ಬಾವು. ಭಾರತದಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳೋ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಸಾಗರದ ಹತ್ತಿರ ಅಜ್ಜನ ಅಡಿಕೆ ತೋಟದಲ್ಲಿ ಚಿಕ್ಕವನಿದ್ದಾಗ ಒಂದನ್ನು ನೋಡಿದ್ದೆ. ಬಿಸಿಲು ಕಾಯ್ತಾ ಮಲಗಿತ್ತು. ಅಜ್ಜ ಎಲ್ಲರನ್ನೂ ದೂರ ನಿಲ್ಲಿಸಿ, ಅದಾಗೇ ಹೋಗೋವರೆಗೂ ತೋಟದ ಕೆಲಸ ನಿಲ್ಲಿಸಿದ್ದರು. ನನಗೆ ಹಾವಿನ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ.

ಕಾರ್ಪೆಟ್ ನನಗೆ ತುಂಬಾ ಇಷ್ಟ. ಮರ ಹತ್ತುತ್ತೆ, ಸಂಜೆಯಾದರೆ ಓಡಾಡುತ್ತೆ, ಊಟಕ್ಕೆ ಹಟ ಮಾಡೋದು ಕಡಿಮೆ. ಆದರೆ ಆರೇಳು ಅಡಿ ಬೆಳೆಯುತ್ತೆ, ಮರಿಗಳು ಕಚ್ಚೋದೂ ಜಾಸ್ತಿ. ಮಗಳಿಗೆ ಒಂಬತ್ತು ವರ್ಷ, ಅದಕ್ಕೇ ಬೇಡ ಅಂದೆ. ಸ್ಪಾಟೆಡ್ ಸುಮಾರು ಮೂರಡಿಯ ಹಾವು, ಆಸ್ಟ್ರೇಲಿಯಾದ್ದು, ಗಟ್ಟಿ ಜೀವ. ಬಣ್ಣ ಸ್ವಲ್ಪ ಸಪ್ಪೆ ಅನ್ನಿಸಿ ಬಿಟ್ಟುಬಿಟ್ಟೆ. ಹಾಗೆ ಬಿಡಬಾರದಿತ್ತು. ಕೊನೆಗೆ ಉಳಿದದ್ದು ಬಾಲ್. ಶಾಂತ, ಮಗಳ ಮಡಿಲಲ್ಲೇ ಸುತ್ತಿಕೊಂಡು ಉಂಡೆಯಾಗುತ್ತೆ, ಹೆಸರು ಬಂದದ್ದೂ ಹಾಗೇ.

ಕೊಳ್ಳುವಾಗ ಎರಡು ಮಾತಿಗೆ ಗಟ್ಟಿಯಾಗಿ ನಿಂತಿದ್ದೆ. ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯಿಂದ ತರಿಸಿದ ಮರಿ ಬೇಡ, ಇಲ್ಲೇ ಹುಟ್ಟಿದ್ದು ಬೇಕು. ಸ್ಪೈಡರ್ ಮಾರ್ಫ್, ಅಂದ್ರೆ ಆ ಹೆಸರಿನ ಬಣ್ಣದ ತಳಿ, ಬೇಡವೇ ಬೇಡ. ಆ ಬಣ್ಣದ ಜೊತೆಗೇ ತಲೆ ತೂಗಾಡೋ ನರದ ತೊಂದರೆಯೂ ಬರುತ್ತೆ. ಚೆಂದಕ್ಕೋಸ್ಕರ ಒಂದು ಜೀವ ನೆಟ್ಟಗೆ ನೋಡಲಾರದ ಹಾಗೆ ಹುಟ್ಟೋದು ನನ್ನ ಕೈಲಿ ಸಹಿಸೋಕಾಗಲ್ಲ.

ಈಗ ಆ 83 ದಿನ. ಮೊದಲ ಎರಡು ವಾರ ಚಿಂತೆ ಮಾಡಲಿಲ್ಲ. ನಾಲ್ಕನೇ ವಾರ ಪೊರೆ ಬಿಟ್ಟಳು. ಒಂದೇ ಸಲಕ್ಕೆ ಕಾಲುಚೀಲದ ಹಾಗೆ ಬರಬೇಕಾದ ಪೊರೆ ಚೂರುಚೂರಾಗಿ ಬಂತು. ಕೊಲಂಬಸ್‌ನ ಚಳಿಗಾಲದಲ್ಲಿ ಮನೆಯ ಹೀಟರ್ ಶುರುವಾದರೆ ಗಾಳಿ ಒಣಗಿ ಬಣಬಣ ಅನ್ನುತ್ತೆ. ಮೇಲೆ ಜಾಲರಿ ಇರೋ ಗಾಜಿನ ಟ್ಯಾಂಕಿನಲ್ಲಿ ಗಾಳಿಯ ತೇವ ಶೇಕಡಾ 28ಕ್ಕೆ ಇಳಿದಿತ್ತು, ಇವಳಿಗೆ 60ರ ಮೇಲೆ ಬೇಕು. ತೇವ ಹಿಡಿದಿಡೋ ಪಿವಿಸಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಮೊದಲೇ ದುಡ್ಡು ಕಟ್ಟಿದ್ದೆ. ಮೂರು ವಾರ ಅಂದವರು ಏಳು ವಾರ ಮಾಡಿದರು, ಬಂದ ಪೆಟ್ಟಿಗೆಯಲ್ಲಿ ಗಾಜಿನ ಬಾಗಿಲು ಜಾರೋ ಪಟ್ಟಿಯೇ ಇಲ್ಲ. ಫೋನ್ ಮಾಡಿದರೆ ಇಮೇಲ್ ಮಾಡಿ ಅಂತಾರೆ, ಇಮೇಲ್‌ಗೆ ಉತ್ತರವೇ ಇಲ್ಲ. ಜೀವ ಇರೋ ಪ್ರಾಣಿಗೆ ಮನೆ ಮಾರುವವರು ಹೀಗೆ ಮಾಡಬಾರದು, ನಿಜವಾಗ್ಲೂ ಸಿಟ್ಟು ಬಂತು. ಪಟ್ಟಿ ಹಾರ್ಡ್‌ವೇರ್ ಅಂಗಡಿಯಿಂದ ತಂದು ನಾನೇ ಹಾಕಿದೆ. ಕೆಳಗೆ ನಾಲ್ಕಿಂಚು ತೆಂಗಿನ ಸಿಪ್ಪೆಯ ಚೂರು. ಊರಲ್ಲಿ ಹಂಡೆ ಒಲೆಗೆ ಹಾಕೋ ಸಿಪ್ಪೆಯನ್ನು ಇಲ್ಲಿ ಡಾಲರ್ ಕೊಟ್ಟು ಇಟ್ಟಿಗೆ ಲೆಕ್ಕದಲ್ಲಿ ತರಬೇಕು. ಮೂಲೆಗಳಲ್ಲಿ ನೀರು ಸುರಿದು ಅಡಿಯ ಪದರವನ್ನು ಮಾತ್ರ ಒದ್ದೆ ಮಾಡಿದೆ. ತೇವ 65ಕ್ಕೆ ಬಂದು ನಿಂತಿತು.

ಊಟ? ಇಲ್ಲ.

ಶಾಖ ಅಳೆಯೋ ಟೆಂಪ್ ಗನ್ ಹಿಡಿದು ನೋಡಿದರೆ, ಅವಳು ಅಡಗಿ ಕೂರೋ ಬೆಚ್ಚಗಿನ ಹೈಡ್‌ನ ನೆಲ 27 ಡಿಗ್ರಿ. ಶಾಖ ಹತೋಟಿಯಲ್ಲಿಡೋ ಥರ್ಮೋಸ್ಟಾಟ್ ಮಾತ್ರ 32 ತೋರಿಸ್ತಿತ್ತು. ಅದರ ಶಾಖ ಅಳೆಯೋ ತುದಿ, ಪ್ರೋಬ್, ಲ್ಯಾಂಪಿನ ಕಡೆ ಜರುಗಿತ್ತು. ಅದನ್ನು ನೆಲಕ್ಕೆ ಕಟ್ಟಿದೆ. ಎರಡೂ ಕಡೆ ತೆರೆದಿದ್ದ ಮರದ ಹೈಡ್ ತೆಗೆದು, ಮೈಗೆ ತಾಗೋ ಹಾಗೆ ಇಕ್ಕಟ್ಟಾದ, ಒಂದೇ ಬಾಯಿಯ ಕಪ್ಪು ಪ್ಲಾಸ್ಟಿಕ್ ಹೈಡ್ ಇಟ್ಟೆ. ಎರಡು ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಇಕ್ಕಳದಲ್ಲಿ ದೊಡ್ಡ ಜಾತಿಯ ಇಲಿಯಾದ ರ‍್ಯಾಟ್ ಮರಿ ಹಿಡಿದರೆ, ನಾಲಿಗೆ ಎರಡು ಸಲ ಆಡಿಸಿ ಮುಖ ತಿರುಗಿಸಿದಳು. ತೂಕ 430 ಗ್ರಾಂ ಇದ್ದದ್ದು 404. ನೂರಕ್ಕೆ ಹತ್ತು ಭಾಗ ಇಳಿದರೆ ಡಾಕ್ಟರ್ ಹತ್ತಿರ ಅಂತ ತೀರ್ಮಾನಿಸಿದ್ದೆ. ಬಾಲ್ ತಿಂಗಳುಗಟ್ಟಲೆ ಉಪವಾಸ ಇರುತ್ತೆ ಅಂತ ಗೊತ್ತು, ಆದರೂ ರಾತ್ರಿ ನಿದ್ದೆ ಬರಲ್ಲ ಅಲ್ವಾ?

ದಾರಿ ತೋರಿಸಿದ್ದು ಅಮ್ಮ. ಹಾವು ತಂದೆ ಅಂದಾಗ ಮೂರು ದಿನ ಮಾತು ಬಿಟ್ಟಿದ್ದವರು, ಈಗ ಪ್ರತಿ ಭಾನುವಾರ ಫೋನಲ್ಲಿ ಮೊದಲು ಕೇಳೋದೇ "ಅದು ಉಂಡ್ತೇನೋ?" ಅಂತ. ಹೋದ ವಾರ ಹೇಳಿದರು: "ನೀನು ಹಾಸ್ಟೆಲ್ ಸೇರಿದಾಗ ಹೀಂಗೇ ಮಾಡಿದ್ದೆ. ಮೊದ್ಲು ಇದ್ದ ಮನೇಲಿ ಅದಕ್ಕೆ ಏನು ಹಾಕ್ತಿದ್ರು ಕೇಳು."

ಮಾರಿದವರು ಕೊಡುವಾಗ "ಫ್ರೋಜನ್ ರ‍್ಯಾಟ್ ತಿನ್ನುತ್ತೆ" ಅಂದಿದ್ದರು. ಮತ್ತೆ ಬರೆದೆ, ಬಿಡದೆ ಮೂರು ಸಲ. ಕೊನೆಗೆ ಉತ್ತರ ಬಂತು: ಅಲ್ಲಿ ಹಾಕ್ತಿದ್ದದ್ದು ಜೀವಂತ ಚಿಕ್ಕ ಇಲಿ, ಮೌಸ್. ರ‍್ಯಾಟ್ ವಾಸನೆಯನ್ನೇ ಅವಳು ಕಂಡಿರಲಿಲ್ಲ! ಈ ಒಂದು ಸಾಲು ಮೊದಲೇ ಹೇಳಿದ್ದರೆ ಅವಳ 83 ದಿನ ಉಳೀತಿತ್ತು.

ನಿನ್ನೆ ಫ್ರೋಜನ್ ಮೌಸ್ ತಂದೆ. ಫ್ರಿಜ್ಜಿನಲ್ಲಿ ಕರಗಿಸಿ, ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು, ಕೊನೆಗೆ ಹೇರ್ ಡ್ರೈಯರ್‌ನಲ್ಲಿ ತಲೆ ಭಾಗವನ್ನು ಮಾತ್ರ 38 ಡಿಗ್ರಿಗೆ ತಂದೆ. ಬಾಲ್‌ಗೆ ತುಟಿಯ ಗುಳಿಗಳಲ್ಲಿ ಶಾಖ ಗೊತ್ತಾಗುತ್ತೆ, ತಣ್ಣಗಿನ ಇಲಿ ಅದರ ಪಾಲಿಗೆ ಕಲ್ಲಿದ್ದ ಹಾಗೆ. ದೀಪ ಆರಿಸಿ, ಹೈಡ್ ಬಾಯಿಯಿಂದ ಒಂದು ಗೇಣು ದೂರ ಹಿಡಿದೆ. ಕುತ್ತಿಗೆ ನಿಧಾನಕ್ಕೆ ಎಸ್ ಆಕಾರಕ್ಕೆ ಬಂತು. ಆಮೇಲೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಇಕ್ಕಳ ಖಾಲಿ.

ಅಮ್ಮನಿಗೆ ಆಗಲೇ ಫೋನ್ ಮಾಡಿದೆ, ಅಲ್ಲಿ ಬೆಳಗ್ಗೆ. "ದೇವ್ರೇ, ಸದ್ಯ" ಅಂದರು.

ಈಗ ಐದು ದಿನ ಮುಟ್ಟಲ್ಲ. ಮುಂದಿನ ಶನಿವಾರ ಮತ್ತೊಂದು ಮೌಸ್, ಅದರ ಮುಂದಿನ ವಾರದಿಂದ ರ‍್ಯಾಟ್ ಮರಿಗೆ ಮೌಸ್ ವಾಸನೆ ಉಜ್ಜಿ ಕೊಡ್ತೇನೆ. ದೊಡ್ಡವಳಾದ ಮೇಲೆ ಬರೀ ಮೌಸ್‌ನಲ್ಲಿ ಹೊಟ್ಟೆ ತುಂಬಿಸೋದು ಕಷ್ಟ. ಅವಸರ ಏನಿಲ್ಲ. ಸೇಂಟ್ ಲೂಯಿಸ್ ಮೃಗಾಲಯದ ಬಾಲ್ ಪೈಥಾನ್ ನೆನಪಿದೆಯಲ್ಲ, 1961ರಲ್ಲಿ ಬಂದದ್ದು, 2020ರಲ್ಲಿ 62ರ ಆಸುಪಾಸಿನ ವಯಸ್ಸಲ್ಲಿ ಗಂಡಿನ ಜೊತೆ ಇಲ್ಲದೆ ಮೊಟ್ಟೆ ಇಟ್ಟಿತು. ಉಂಡೆ ಅಷ್ಟು ದಿನ ಬದುಕಿದರೆ ನನ್ನ ಮಗಳಿಗೂ ತಲೆ ನರೆತಿರುತ್ತೆ.

ಖಾಲಿಯಾದ ಗಾಜಿನ ಟ್ಯಾಂಕ್ ಸುಮ್ನೆ ಕೂತಿದೆ. ಅದಕ್ಕೆ ಸ್ಪಾಟೆಡ್ ಬರಬೇಕು, ಮಾರ್ಚ್ ಹೊತ್ತಿಗೆ. ಬಾಲ್‌ನಷ್ಟು ತೇವ ಬೇಡ, ಹಾಗಾಗಿ ನಮ್ಮ ಮನೆಯ ಚಳಿಗಾಲಕ್ಕೆ ಅದೇ ಸರಿ. ಕ್ವೀನ್ಸ್‌ಲ್ಯಾಂಡ್‌ನ ಗುಹೆಗಳ ಬಾಯಲ್ಲಿ ನೇತಾಡ್ತಾ ಹಾರೋ ಬಾವಲಿ ಹಿಡಿಯೋ ಹಾವದು. ಅದಕ್ಕೇ ಹಿಂದಿನ ಗೋಡೆಗೆ ಫೋಮ್ ಮತ್ತು ಟೈಲ್‌ಗಳ ಸಂದಿಗೆ ತುಂಬೋ ಗ್ರೌಟ್‌ನಲ್ಲಿ ಬಂಡೆಯ ಬಿರುಕುಗಳನ್ನು ಮಾಡೋ ಯೋಚನೆ ಇದೆ. ಗ್ರೌಟ್ ಎಷ್ಟು ಪದರ ಹಾಕಿದರೆ ಹಾವಿನ ಭಾರಕ್ಕೆ ಬಿರುಕು ಬಿಡಲ್ಲ? ಮಾಡಿದವರು ಇದ್ದರೆ ಹೇಳಿ, ಈ ವಾರಾಂತ್ಯಕ್ಕೇ ಫೋಮ್ ತರ್ತಿದ್ದೇನೆ.