ಯಂತ್ರ ನೆನಪಿಟ್ಟುಕೊಳ್ಳಲು ಕಲಿತ ಬಗೆ

ಕಂಪ್ಯೂಟರಿನ ಚರಿತ್ರೆಯನ್ನು ನಿರ್ವಾತ ನಳಿಕೆ, ಟ್ರಾನ್ಸಿಸ್ಟರ್, ಐಸಿ (ಹಲವು ಟ್ರಾನ್ಸಿಸ್ಟರುಗಳನ್ನು ಅಡಕಿಸಿದ ಒಂದೇ ಚಿಪ್ಪು), ಮೈಕ್ರೊಪ್ರೊಸೆಸರ್ ಎಂದು ತಲೆಮಾರುಗಳಾಗಿ ವಿಂಗಡಿಸಿ ಹೇಳುವುದು ವಾಡಿಕೆ. ನಾನೂ ಅದನ್ನು ಹಾಗೆಯೇ ಬಾಯಿಪಾಠ ಮಾಡಿದವನು. ಆದರೆ ಓದುತ್ತಾ ಹೋದಂತೆ, ಎಷ್ಟು ಬೇಗ ಲೆಕ್ಕ ಮಾಡಬೇಕು ಎಂಬುದಕ್ಕಿಂತ, ಮಾಡಿದ ಲೆಕ್ಕವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯೇ ಈ ಯಂತ್ರಗಳನ್ನು ಕಟ್ಟಿದವರನ್ನು ಹೆಚ್ಚು ಕಾಡಿತ್ತೆಂದು ನನಗೆ ಮನವರಿಕೆಯಾಗಿದೆ.

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಸುಮಾರು 18,000 ನಿರ್ವಾತ ನಳಿಕೆಗಳ, 30 ಟನ್ ತೂಕದ ಯಂತ್ರ. ಅಷ್ಟು ದೊಡ್ಡ ಒಡಲಿದ್ದರೂ ಲೆಕ್ಕದ ನಡುವೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು ಹತ್ತು ಅಂಕಿಗಳ 20 ಸಂಖ್ಯೆಗಳನ್ನು ಮಾತ್ರ. ಆದೇಶಗಳನ್ನು ನೆನಪಿಡುವ ವ್ಯವಸ್ಥೆ ಮೊದಲಿಗೆ ಇಲ್ಲದ್ದರಿಂದ, ಹೊಸ ಸಮಸ್ಯೆ ಬಂದಾಗಲೆಲ್ಲ ಕೇಬಲ್‌ಗಳನ್ನು ಕಿತ್ತು ಮರುಜೋಡಿಸಬೇಕಾಗುತ್ತಿತ್ತು.

ಆದೇಶಗಳನ್ನೂ ಸಂಖ್ಯೆಗಳಂತೆಯೇ ಒಳಗೆ ಇಟ್ಟುಕೊಂಡ ಮೊದಲ ಎಲೆಕ್ಟ್ರಾನಿಕ್ ಯಂತ್ರ ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ಓಡಿತು. ಟಿವಿಯ ಪರದೆಯಂಥ ಗಾಜಿನ ಮೇಲೆ ವಿದ್ಯುದಾವೇಶದ ಚುಕ್ಕೆಗಳಾಗಿ, ಸೊನ್ನೆ ಅಥವಾ ಒಂದು ಎಂಬ ಗುರುತುಗಳಾದ 1,024 ಬಿಟ್‌ಗಳನ್ನು ಅದು ಉಳಿಸಿಕೊಳ್ಳುತ್ತಿತ್ತು. ಚುಕ್ಕೆಗಳು ಕ್ಷಣಮಾತ್ರದಲ್ಲಿ ಮಾಸುತ್ತಿದ್ದುದರಿಂದ ಅವನ್ನು ಬಿಡದೆ ತಿದ್ದಿ ಬರೆಯಬೇಕಿತ್ತು. ಮರುವರ್ಷ ಕೇಂಬ್ರಿಜ್‌ನ ಎಡ್ಸಾಕ್ ಪಾದರಸ ತುಂಬಿದ ಕೊಳವೆಗಳಲ್ಲಿ ಬಿಟ್‌ಗಳನ್ನು ಶಬ್ದದ ಅಲೆಗಳಾಗಿ ಹರಿಯಬಿಟ್ಟು, ಆಚೆ ತುದಿಯಲ್ಲಿ ಹಿಡಿದು, ಮತ್ತೆ ಈಚೆ ತುದಿಗೆ ತಂದು ಬಿಡುತ್ತಿತ್ತು. ನೆನಪೆಂದರೆ ನಿಲ್ಲದ ಪ್ರತಿಧ್ವನಿ ಎಂಬ ಈ ಕಲ್ಪನೆಯ ಚೆಲುವು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

1953ರಲ್ಲಿ ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ವರ್ಲ್‌ವಿಂಡ್ ಯಂತ್ರಕ್ಕೆ ಅಳವಡಿಸಿದ ಕಾಂತೀಯ ಕೋರ್ ಮೆಮೊರಿಯ ಬಗ್ಗೆ ನನಗೆ ವಿಶೇಷ ಮಮತೆ. ಅಂಥ ಒಂದು ಫಲಕವನ್ನು ಭೂತಗನ್ನಡಿ ಹಿಡಿದು ನೋಡಿದರೆ, ಮಗ್ಗದ ಹಾಸುಹೊಕ್ಕಿನಂತೆ ಹಬ್ಬಿದ ತಂತಿಗಳು, ಅವು ಕೂಡುವಲ್ಲೆಲ್ಲ ಸಾಸಿವೆ ಕಾಳಿನಷ್ಟೇ ಇರುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಪ್ಪು ಉಂಗುರ, ಅಂದರೆ ಕೋರ್, ಕಾಣುತ್ತವೆ. ಒಂದು ಉಂಗುರಕ್ಕೆ ಒಂದು ಬಿಟ್: ಕಾಂತತ್ವ ಒಂದು ದಿಕ್ಕಿಗೆ ಸುತ್ತಿದರೆ ಸೊನ್ನೆ, ಇನ್ನೊಂದು ದಿಕ್ಕಿಗೆ ಸುತ್ತಿದರೆ ಒಂದು. ಓದುವುದೆಂದರೆ ಉಂಗುರವನ್ನು ಬಲವಂತವಾಗಿ ಸೊನ್ನೆಗೆ ತಿರುಗಿಸುವುದು. ಅದು ಮೊದಲು ಒಂದಾಗಿದ್ದರೆ, ಹೊರಳುವಾಗ ಮತ್ತೊಂದು ತಂತಿಯಲ್ಲಿ ಸಣ್ಣ ಮಿಡಿತ ಹುಟ್ಟುತ್ತದೆ. ಹೀಗೆ ಓದಿದೊಡನೆ ಅಳಿಸಿಹೋಗುವುದರಿಂದ, ಪ್ರತಿ ಓದಿನ ಬೆನ್ನಿಗೇ ಮರುಬರವಣಿಗೆ ನಡೆಯಬೇಕಿತ್ತು. ಆದರೆ ವಿದ್ಯುತ್ ಹೋದರೂ ನೆನಪು ಹೋಗುತ್ತಿರಲಿಲ್ಲ. ಈ ಉಂಗುರಗಳಿಗೆ ತಂತಿ ಪೋಣಿಸಿದವರಲ್ಲಿ ಬಹುಪಾಲು ಹೆಂಗಸರು. ಟ್ರಾನ್ಸಿಸ್ಟರ್ ಕಂಡುಹಿಡಿದವರ ಹೆಸರು ಹೇಳುವ ಪುಸ್ತಕಗಳು ಅವರ ಕೈಗೆಲಸಕ್ಕೂ ಒಂದು ಸಾಲು ಮೀಸಲಿಡಬೇಕಿತ್ತು.

ಐಸಿಗಳು ಬಂದ ಮೇಲೆ ಕೋರ್‌ಗಳ ಕಾಲ ಬೇಗನೆ ಮುಗಿಯಿತು. 1970ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 1103 ಎಂಬ ಡಿರ್‍ಯಾಮ್ ಮೆಮೊರಿ ಚಿಪ್ಪಿನಲ್ಲಿದ್ದದ್ದೂ 1,024 ಬಿಟ್‌ಗಳೇ. ಮ್ಯಾಂಚೆಸ್ಟರಿನ ಗಾಜಿನ ಮೇಲಿದ್ದಷ್ಟೇ ನೆನಪು ಬೆರಳ ತುದಿಯ ಮೇಲೆ ಕೂರುವಂತಾಗಿತ್ತು. ಇಂದಿನ 8 ಜಿಬಿ ಮೆಮೊರಿಯಲ್ಲಿ 6,800 ಕೋಟಿಗೂ ಹೆಚ್ಚು ಬಿಟ್‌ಗಳಿವೆ, ಒಂದೊಂದೂ ವಿದ್ಯುತ್ತನ್ನು ಹಿಡಿದಿಡುವ ಅತಿಸೂಕ್ಷ್ಮ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಾವೇಶ. ಆ ಆವೇಶವೂ ಸೋರುತ್ತದೆ. ಆದ್ದರಿಂದ ಈ ಸಾಲನ್ನು ನಾನು ಟೈಪ್ ಮಾಡುತ್ತಿರುವಾಗಲೂ, ಆ ಹಳೆಯ ಗಾಜಿನ ಚುಕ್ಕೆಗಳಿಗೆ ಮಾಡುತ್ತಿದ್ದಂತೆಯೇ, ಯಂತ್ರವು ತನ್ನ ನೆನಪನ್ನೆಲ್ಲ ಸೆಕೆಂಡಿಗೆ ಹತ್ತಾರು ಬಾರಿ ಓದಿ ಮತ್ತೆ ಬರೆದುಕೊಳ್ಳುತ್ತಿದೆ.