ಕೈತೋಟಕ್ಕೊಂದು ಶೆಡ್: ಗೋಡೆಗಿಂತ ಮೊದಲು ನೀರಿನ ಲೆಕ್ಕ

ಕೈತೋಟ ತಕ್ಕಮಟ್ಟಿಗೆ ಬೆಳೆದ ಮೇಲೆ ಸಲಿಕೆ, ಗುದ್ದಲಿ, ಕತ್ತರಿ, ನೀರಿನ ಪೈಪು, ಖಾಲಿ ಕುಂಡ, ಗೊಬ್ಬರದ ಚೀಲಗಳೆಲ್ಲ ಮೆಟ್ಟಿಲ ಕೆಳಗೂ ಜಗುಲಿಯ ಮೂಲೆಯಲ್ಲೂ ಸೇರಿಕೊಳ್ಳುತ್ತವೆ. ಆಗ ತೋಟದಲ್ಲೇ ಒಂದು ಶೆಡ್ ಇದ್ದರೆ ಒಳ್ಳೆಯದೆಂಬ ಯೋಚನೆ ಬರುವುದು ಸಹಜ. ಸಾಮಾನ್ಯವಾಗಿ ಅದರ ಅಳತೆ ಮತ್ತು ಅಂದದಿಂದಲೇ ಚರ್ಚೆ ಆರಂಭವಾಗುತ್ತದೆ. ಆದರೆ ಶೆಡ್ಡಿನಲ್ಲಿಟ್ಟ ವಸ್ತುಗಳನ್ನು ಹೆಚ್ಚಾಗಿ ಹಾಳುಮಾಡುವುದು ತೇವ. ಅದು ನೆಲದಿಂದ ಏರುತ್ತದೆ, ಚಾವಣಿಯಿಂದ ಇಳಿಯುತ್ತದೆ, ಒಳಗಿನ ಗಾಳಿಯಲ್ಲೂ ಉಳಿಯುತ್ತದೆ. ಆದ್ದರಿಂದ ಮೊದಲು ನೀರಿನ ಲೆಕ್ಕ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಜಾಗ ಗೊತ್ತುಮಾಡುವ ಮುನ್ನ, ಜೋರು ಮಳೆ ಸುರಿದು ನಿಂತ ಬಳಿಕ ತೋಟವನ್ನೊಮ್ಮೆ ಸುತ್ತಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಬಿಸಿಲು ಬೀಳುವ ಜಾಗವನ್ನು ಗಿಡಗಳಿಗೆ ಬಿಟ್ಟುಕೊಟ್ಟು ನೆರಳಿನ ಮೂಲೆಯನ್ನು ಶೆಡ್ಡಿಗೆ ಕೊಡುವುದು ನ್ಯಾಯವೇ ಆದರೂ, ದೊಡ್ಡ ಮರದ ಬುಡವನ್ನು ಆರಿಸಬಾರದು; ಬೇರುಗಳು ಅಡಿಪಾಯವನ್ನು ಎತ್ತುತ್ತವೆ, ಉದುರಿದ ಎಲೆಗಳು ಚಾವಣಿಯ ಮೇಲೆ ಕೊಳೆತು ನೀರನ್ನು ತಡೆಯುತ್ತವೆ. ಕಾಂಪೌಂಡ್ ಗೋಡೆಗೆ ಅಂಟಿಸಿ ಕಟ್ಟಿದರೆ ಹಿಂಬದಿಗೆ ಬಣ್ಣ ಹಚ್ಚುವುದಕ್ಕೂ ಕಸ ತೆಗೆಯುವುದಕ್ಕೂ ಆಗುವುದಿಲ್ಲವಾದ್ದರಿಂದ ಒಬ್ಬರು ಹಾದುಹೋಗುವಷ್ಟು ಎಡೆ ಇರಲಿ. ಗಡಿಯಿಂದ ಎಷ್ಟು ದೂರ ಬಿಡಬೇಕು, ಅನುಮತಿ ಬೇಕೇ ಎಂಬ ನಿಯಮಗಳು ಊರಿಂದೂರಿಗೆ ಬೇರೆಯಾಗಿರುವುದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಇನ್ನು ನೆಲ. ಹಣವನ್ನೂ ಶ್ರಮವನ್ನೂ ಧಾರಾಳವಾಗಿ ಸುರಿಯಬೇಕಾದದ್ದು ಇಲ್ಲಿಯೇ. ಮೇಲ್ಮಣ್ಣನ್ನು ಬೇರುಸಮೇತ ತೆಗೆದು, ಸುಮಾರು 10 ಸೆಂಟಿಮೀಟರ್ ಜಲ್ಲಿ ಹರಡಿ ದಮ್ಮಸ್ಸು ಮಾಡಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಷ್ಟೇ ದಪ್ಪಕ್ಕೆ ಕಾಂಕ್ರೀಟ್ ಹಾಕಿದರೆ ಮನೆಬಳಕೆಯ ಶೆಡ್ಡಿಗೆ ಸಾಕು. ಆ ಹಾಳೆ ಮಣ್ಣಿನ ತೇವ ಮೇಲೇರುವುದನ್ನು ತಡೆಯುತ್ತದೆ. ಕಾಂಕ್ರೀಟಿನ ಮೇಲ್ಮೈ ಸುತ್ತಲಿನ ನೆಲಕ್ಕಿಂತ ಎತ್ತರವಿರಬೇಕು, ಆದರೆ ಅದರ ಅಂಚು ಗೋಡೆಯಿಂದಾಚೆಗೆ ಚಾಚಿಕೊಂಡಿರಬಾರದು; ಹಾಗೆ ಚಾಚಿದ ಅಂಚಿನ ಮೇಲೆ ಬಿದ್ದ ಮಳೆನೀರು ಗೋಡೆಯಡಿಯಿಂದ ಒಳಕ್ಕೆ ನುಸುಳುತ್ತದೆ. ಮೂಲೆ ನೇರವಾಗಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ ಅವೆರಡರ ನಡುವೆ ಅಳೆದರೆ ಸರಿಯಾಗಿ 5 ಅಡಿ ಬರಬೇಕು. ಎದುರು ಬದುರು ಬದಿಗಳು ಸಮವಿದ್ದು ಎರಡು ಕರ್ಣಗಳೂ ಒಂದೇ ಅಳತೆಯಾದರೆ ಆಯತ ಸರಿಯಿದೆಯೆಂದೇ ಅರ್ಥ. ಇಷ್ಟು ನೋಡದೆ ಹೊರಟರೆ ಚಾವಣಿಯ ತಗಡು ಕೂರಿಸುವ ಹೊತ್ತಿಗೆ ಪೇಚಾಟ ಶುರುವಾಗುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ 7 ದಿನ ಅದನ್ನು ಒದ್ದೆಯಾಗಿಡಬೇಕು.

ಮರದ ಪುಟ್ಟ ಶೆಡ್ಡಾದರೆ ಕಾಂಕ್ರೀಟಿನ ಗೊಡವೆಯೇ ಬೇಡ. ರಸಮಟ್ಟ ಹಿಡಿದು ಸಮನಾಗಿ ಕೂರಿಸಿದ ಬ್ಲಾಕುಗಳ ಮೇಲೆ ತೊಲೆಗಳನ್ನಿಟ್ಟು ಹಲಗೆ ಹಾಸಿದರೆ ಅಡಿಯಲ್ಲಿ ಗಾಳಿಯಾಡುತ್ತದೆ, ಗೆದ್ದಲು ಏರಿದರೂ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಮರ ನೇರವಾಗಿ ಮಣ್ಣಿಗೆ ತಾಗುವಂತೆ ಮಾತ್ರ ಬಿಡಬಾರದು.

ತಗಡಿನ ಚಾವಣಿಯ ವಿಷಯದಲ್ಲಿ ಅನೇಕರು ಸೋರಿಕೆಯೆಂದು ತಿಳಿಯುವುದು ಬಹಳ ಸಲ ಸೋರಿಕೆಯೇ ಆಗಿರುವುದಿಲ್ಲ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಬೆಚ್ಚನೆಯ ತೇವದ ಗಾಳಿ ಅದಕ್ಕೆ ತಾಗಿ ಹನಿಗಟ್ಟಿ, ಬೆಳಗಿನ ಹೊತ್ತಿಗೆ ಉಪಕರಣಗಳ ಮೇಲೆ ತೊಟ್ಟಿಕ್ಕುತ್ತದೆ. ಎಷ್ಟು ಅಂಟು ಮೆತ್ತಿದರೂ ಅದು ನಿಲ್ಲುವುದಿಲ್ಲ. ಎದುರು ಬದುರು ಗೋಡೆಗಳಲ್ಲಿ ಒಂದು ಕೆಳಗೆ, ಒಂದು ಮೇಲೆ ಕಿಂಡಿಗಳನ್ನಿಟ್ಟು ಇಲಿ ನುಗ್ಗದಂತೆ ಸಣ್ಣ ಕಣ್ಣಿನ ಲೋಹದ ಜಾಲರಿ ಹೊಡೆದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಅಲೆಅಲೆಯಾದ ತಗಡಿಗೆ ರಬ್ಬರ್ ವಾಷರ್ ಇರುವ ಸ್ಕ್ರೂಗಳನ್ನು ಅಲೆಯ ಏರಿನಲ್ಲಿ ಹಾಕಬೇಕು, ಏಕೆಂದರೆ ನೀರು ಹರಿಯುವುದು ತಗ್ಗಿನಲ್ಲಿ. ಸೂರು ಗೋಡೆಯಿಂದ ಒಂದಷ್ಟು ಹೊರಚಾಚಿರಲಿ. ಅದರಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ ಪೀಪಾಯಿಗೆ ಇಳಿಸಿದರೆ ಗಿಡಗಳಿಗೂ ಲಾಭ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು, ಅಂದರೆ 6 ಚದರ ಮೀಟರ್ ಚಾವಣಿಗೆ 25 ಮಿಲಿಮೀಟರ್ ಮಳೆ ಬಿದ್ದರೆ 150 ಲೀಟರಿನಷ್ಟಾಗುತ್ತದೆ. ಹಗುರವಾದ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಶೆಡ್ಡನ್ನು ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯದಿದ್ದರೆ ಗಾಳಿಗೆ ಎದ್ದುಹೋಗುವ ಅಪಾಯವುಂಟು.

ಅಳತೆಯ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ಬಾಗಿಲಿನಿಂದ. ತಳ್ಳುಗಾಡಿ ಕೈಗಂಟು ತರಚದಂತೆ ಒಳಹೋಗಬೇಕಾದರೆ ಸುಮಾರು 90 ಸೆಂಟಿಮೀಟರ್ ಅಗಲ ಬೇಕು, ಬಾಗಿಲು ಹೊರಕ್ಕೆ ತೆರೆದರೆ ಒಳಗಿನ ಜಾಗ ಉಳಿಯುತ್ತದೆ. ಉದ್ದ ಹಿಡಿಯ ಉಪಕರಣಗಳನ್ನೆಲ್ಲ ಗೋಡೆಗೆ ತೂಗುಹಾಕಿದರೆ, ಚಿಕ್ಕದೆನಿಸಿದ ಶೆಡ್ಡೂ ಸಾಕಾಗುವುದುಂಟು.

ಯೂರಿಯಾದಂಥ ಗೊಬ್ಬರ ಗಾಳಿಯ ತೇವ ಹೀರಿ ಗಟ್ಟಿಯಾಗುವುದರಿಂದ ಅದನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಕಬ್ಬಿಣದ ಉಪಕರಣಗಳಿಂದ ದೂರವಿಡಬೇಕು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲನ್ನು ಗೊಬ್ಬರದ ಪಕ್ಕದಲ್ಲಿ ಇಡಲೇಬಾರದು. ಕೀಟನಾಶಕಗಳು ತಮ್ಮ ಮೂಲ ಡಬ್ಬಗಳಲ್ಲೇ, ಚೀಟಿ ಹರಿಯದಂತೆ, ಬೀಗ ಹಾಕಿದ ಕಪಾಟಿನಲ್ಲಿರಲಿ. ಸೋರಿದರೆ ಒಂದಕ್ಕೊಂದು ಬೆರೆಯದಂತೆ ಪುಡಿಗಳನ್ನು ಮೇಲಿನ ಹಲಗೆಯಲ್ಲೂ ದ್ರವಗಳನ್ನು ಕೆಳಗಿನದರಲ್ಲೂ ಇಡಬೇಕು. ಬಿತ್ತನೆ ಬೀಜಗಳಿಗೆ ಶೆಡ್ ಜಾಗವಲ್ಲ. ಅಲ್ಲಿನ ಕಾವು ಮತ್ತು ತೇವದಲ್ಲಿ ಅವುಗಳ ಮೊಳಕೆಯೊಡೆಯುವ ಶಕ್ತಿ ಬೇಗ ಕುಂದುವುದರಿಂದ ಅವನ್ನು ಮನೆಯೊಳಗೆ ತಣ್ಣನೆಯ ಒಣ ಜಾಗದಲ್ಲೇ ಇಟ್ಟುಕೊಳ್ಳಬೇಕು.