ಲಂಡನ್ ಟೈಮಿನ ಗಡಿಯಾರ

ಬೆಳಗ್ಗೆ ತಂಗಿಯನ್ನು ಲಂಡನ್ ವಿಮಾನ ಹತ್ತಿಸಿ ಈಗಷ್ಟೇ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದೆ. ದೇವನಹಳ್ಳಿ ಏರ್‌ಪೋರ್ಟಿಂದ ಲಂಡನ್ನಿಗೆ ಸುಮಾರು 8,000 ಕಿ.ಮೀ., ನೇರ ವಿಮಾನದಲ್ಲಿ 10–11 ಗಂಟೆ. ಬರುವಾಗ ಅಷ್ಟು ಹೊತ್ತು ಹಿಡಿಯಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತೆ. ಅಮ್ಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಊರಿಗೆ ಬರೋವಾಗ ಗಾಳಿನೂ ಅವಳ ಕಡೆಗೇ ಇರುತ್ತೆ ಅಲ್ವಾ?" ಅಂದಳು. ಮುಖ ಅರಳಿತ್ತು.

ತೂಕ ಜಾಸ್ತಿ ಆಯ್ತು ಅಂತ ತೆಗೆದಿಟ್ಟ ಹುರಿಗಾಳಿನ ಡಬ್ಬಿ ಇನ್ನೂ ಕಾರಿನ ಹಿಂದಿನ ಸೀಟಲ್ಲೇ ಇದೆ. ಒಳಗೆ ತರೋಕೆ ಮನಸ್ಸಾಗ್ತಿಲ್ಲ.

ಲಂಡನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ನಾಳೆ ಇನ್ನೊಂದು ಗೋಡೆ ಗಡಿಯಾರ ತರಬೇಕಂತೆ, ಅಮ್ಮ ಆಗಲೇ ಮೊಳೆಗೆ ಜಾಗ ತೋರಿಸಿದ್ದಾಳೆ.